ಪ್ರವಾಸದ ಕೊನೆಯ ದಿನ ಅಲ್ಲಿನ ಊಟ ಉಣ್ಣುವುದು ಹೇಗೆ: ಕಲಬುರಗಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ವಿದೇಶಕ್ಕೆ ಹೊರಟ ಯಾವ ಮನೆಯವರ ಬ್ಯಾಗ್ ತೆಗೆದು ನೋಡಿದರೂ ಒಂದು ಗಂಟು ಸಿಕ್ಕೇ ಸಿಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಚೂಡಾ, ಮೇಲೆ ಒಂದು ಡಬ್ಬಿ ಉಪ್ಪಿನಕಾಯಿ. ಇದರಲ್ಲಿ ತಪ್ಪೇನಿಲ್ಲ. ಗೊತ್ತಿಲ್ಲದ ಊರಲ್ಲಿ ಹಸಿದಾಗ ಈ ಗಂಟಿಗಿಂತ ದೊಡ್ಡ ನೆಂಟ ಇಲ್ಲ. ಆದರೆ ಗಂಟಿನ ಜೊತೆ ಟೂರ್‌ನವರ ‘ಇಂಡಿಯನ್ ಊಟ’ವೂ ಸೇರಿಕೊಂಡರೆ ಇಡೀ ಪ್ರವಾಸ ಅದರಲ್ಲೇ ಮುಗಿದುಹೋಗುತ್ತದೆ. ಬ್ಯಾಂಕಾಕಿಗೆ ಹೋಗಿ ಬಂದವರನ್ನು ಅಲ್ಲಿ ಏನು ತಿಂದಿರಿ ಅಂತ ಕೇಳಿ ನೋಡಿ. ಪನ್ನೀರ್, ನಾನ್, ಜೀರಾ ರೈಸ್. ಅಷ್ಟಕ್ಕೆ ಹೈದರಾಬಾದ್ ಸಾಕಿತ್ತು, ಅಲ್ವಾ?

ದಿನಾಲೂ ಅಲ್ಲಿನದೇ ತಿನ್ನಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇರುತ್ತಾರೆ, ಮಕ್ಕಳು ಇರುತ್ತಾರೆ, ಮಾಂಸ ಮುಟ್ಟದವರು ಇರುತ್ತಾರೆ. ಒಂದು ಊಟ ಸಾಕು. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ನಡುವೆ ಎಲ್ಲೋ ಹೊಟ್ಟೆ ಕೆಟ್ಟರೆ ದುಡ್ಡು ಕೊಟ್ಟು ಬುಕ್ ಮಾಡಿದ ಎರಡು ಮೂರು ದಿನ ಹೋಟೆಲ್ ರೂಮಿನಲ್ಲೇ ಕಳೆಯಬೇಕಾಗುತ್ತದೆ. ಕೊನೆಯ ದಿನಕ್ಕೆ ಆ ಭಯ ಇಲ್ಲ. ಅಷ್ಟರಲ್ಲಿ ಊರಿನ ಓಣಿ, ರೇಟು, ಜನ ಎಲ್ಲ ಸ್ವಲ್ಪ ಗೊತ್ತಾಗಿರುತ್ತದೆ. ಕಿಸೆಯಲ್ಲಿ ಅಲ್ಲಿನ ಚಿಲ್ಲರೆಯೂ ಉಳಿದಿರುತ್ತದೆ. ಆದರೆ ಕೊನೆಯ ದಿನಕ್ಕೆ ಅದರದೇ ಒಂದು ತಾಪತ್ರಯ ಇದೆ. ಅದು ವಿಮಾನ, ಅದರ ಹಿಂದೆ ಬಸ್ಸು. ಹಾಗಾಗಿ ಇದನ್ನು ಸ್ವಲ್ಪ ಲೆಕ್ಕ ಹಾಕಿ ಮಾಡಬೇಕು.

ಹೊರಡುವ ಮೊದಲು: ಗಂಟಿನ ಲೆಕ್ಕ

ರೊಟ್ಟಿ ಕೊನೆಯ ದಿನಕ್ಕೆ ಮುಂಚೆಯೇ ಮುಗಿಯುವ ಹಾಗೆ ಒಯ್ಯಿರಿ. ಉಳಿದರೆ ಕೆಲಸ ಕೆಟ್ಟಂತೆಯೇ. “ಸುಮ್ನೆ ಯಾಕ ಹಾಳ ಮಾಡ್ತೀರಿ, ತಿಂದು ಮುಗಸ್ರಿ” ಅಂತ ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ. ಅವರ ಮಾತು ಮೀರಿ ನೀವು ಓಣಿಯ ಗಾಡಿ ಹುಡುಕಿಕೊಂಡು ಹೋಗುವುದು ಕಷ್ಟ. ಮಂದಿ ಎಷ್ಟು, ದಿನ ಎಷ್ಟು ಅಂತ ಲೆಕ್ಕ ಹಾಕಿ ಒಂದು ದಿನದ್ದು ಕಡಿಮೆ ಕಟ್ಟಿ. ಒಂದು ಸಣ್ಣ ಪೊಟ್ಟಣ ಮಾತ್ರ ಬೇರೆ ಇಡಿ. ಅದು ಹೈದರಾಬಾದಿನಲ್ಲಿ ಇಳಿದ ಮೇಲಿನ ದಾರಿಗೆ.

ಗಂಟು ಕಟ್ಟುವವರಿಗೆ ಇನ್ನೊಂದು ಮಾತು. ದುಬೈ, ಅಬುಧಾಬಿ, ಸೌದಿ, ಸಿಂಗಾಪುರ ಕಡೆ ಹೋಗುವವರು ಗಸಗಸೆ ಒಯ್ಯಲೇಬಾರದು. ಅಲ್ಲಿ ಅದಕ್ಕೆ ನಿಷೇಧ ಇದೆ. ಬರೀ ಗಸಗಸೆ ಪೊಟ್ಟಣ ಅಷ್ಟೇ ಅಂದುಕೊಳ್ಳಬೇಡಿ. ಮನೆಯ ಮಸಾಲೆ ಪುಡಿಯಲ್ಲಿ, ಬಾಣಂತಿ ಮಗಳಿಗೆ ಅಂತ ಕಟ್ಟಿಕೊಟ್ಟ ಅಂಟಿನ ಉಂಡಿಯಲ್ಲಿ ಅದು ಇರುತ್ತದೆ.

ವಿಮಾನದ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಉದಾಹರಣೆಗೆ ನಿಮ್ಮ ವಿಮಾನ ರಾತ್ರಿ 10 ಗಂಟೆಗೆ ಇದೆ. 7ಕ್ಕೆ ಏರ್‌ಪೋರ್ಟಿನಲ್ಲಿ ಇರಬೇಕು. ಟ್ರಾಫಿಕ್ ಲೆಕ್ಕ ಹಿಡಿದು 5 ಅಥವಾ 5.30ಕ್ಕೆ ಊರು ಬಿಡಬೇಕು. ಹಾಗಾದರೆ ದೊಡ್ಡ ಊಟ ಮಧ್ಯಾಹ್ನ 12ರಿಂದ 1ರ ಒಳಗೆ ಆಗಬೇಕು. ಸಂಜೆ 4ಕ್ಕೆ ಬೇಕಾದರೆ ಒಂದು ಸಣ್ಣ ತಿನಿಸು. ಆಮೇಲೆ ವಿಮಾನದಲ್ಲಿ ಕೊಡುವ ಊಟ ಬಿಟ್ಟರೂ ನಷ್ಟವಿಲ್ಲ.

ಮಧ್ಯಾಹ್ನವೇ ಯಾಕೆ? ಬಹಳ ಹೊತ್ತು ಬೆಚ್ಚಗಿಟ್ಟ ಅನ್ನ, ಕೈಯಾಡಿಸಿ ಹೊರಗಿಟ್ಟ ಸಿಹಿ, ಇಂಥವುಗಳಲ್ಲಿ ಬ್ಯಾಕ್ಟೀರಿಯಾ ಬಿಟ್ಟ ವಿಷ ಇದ್ದರೆ ಅರ್ಧ ಗಂಟೆಯಿಂದ 8 ಗಂಟೆಯ ಒಳಗೆ ವಾಂತಿ ಶುರುವಾಗುತ್ತದೆ. ಮಧ್ಯಾಹ್ನ ತಿಂದರೆ ಸಾಮಾನ್ಯವಾಗಿ ಸಂಜೆಯೊಳಗೆ ಗೊತ್ತಾಗುತ್ತದೆ. ರಾತ್ರಿ 8ಕ್ಕೆ ತಿಂದರೆ ಗೊತ್ತಾಗುವ ಹೊತ್ತಿಗೆ ನೀವು ಬಂಗಾಳ ಕೊಲ್ಲಿಯ ಮೇಲೆ, ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಿರುತ್ತೀರಿ. ಈ. ಕೋಲೈ ತರಹದ ಸೋಂಕುಗಳು ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತವೆ. ಅವು ಊರು ಮುಟ್ಟಿದ ಮೇಲೆಯೇ ಕಾಣಿಸುವುದು. ಅಲ್ಲಿ ಬಚ್ಚಲು ನಿಮ್ಮದೇ, ಡಾಕ್ಟರೂ ನಿಮ್ಮವರೇ.

ಇನ್ನೊಂದು ಕಾರಣ ಗಾಳಿ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಒತ್ತಡ ಕಡಿಮೆಯಾದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಹೊಟ್ಟೆ ಬಿರಿಯುವ ಹಾಗೆ ಉಂಡು, ಮೇಲೆ ಸೋಡಾ ಕುಡಿದು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಕಡೆಯವರಿಗೆ ವಿಮಾನ ಇಳಿದರೆ ಪ್ರಯಾಣ ಮುಗಿಯುವುದಿಲ್ಲ. ಬ್ಯಾಂಕಾಕಿನಿಂದ ಹೈದರಾಬಾದಿಗೆ ಹೆಚ್ಚು ಕಡಿಮೆ 4 ಗಂಟೆ. ಇಮಿಗ್ರೇಷನ್, ಲಗೇಜು. ಆಮೇಲೆ ಬೀದರ್‌ಗೆ ಸುಮಾರು 140 ಕಿಲೋಮೀಟರ್, ಕಲಬುರಗಿಗೆ ಸುಮಾರು 220 ಕಿಲೋಮೀಟರ್ ರಸ್ತೆ. ಬಸ್ಸು ನಡುವೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅನ್ನೋದು ಕಂಡಕ್ಟರ್ ಕೈಯಲ್ಲಿದೆ. ಕೊನೆಯ ಊಟವನ್ನು ಈ ಇಡೀ ದಾರಿಯ ಲೆಕ್ಕದಲ್ಲೇ ಆರಿಸಬೇಕು.

ವಿಮಾನ ಬೆಳಗ್ಗೆಯೇ ಇದ್ದರೆ ಹಿಂದಿನ ದಿನದ ಮಧ್ಯಾಹ್ನವನ್ನೇ ಕೊನೆಯ ದಿನ ಅಂದುಕೊಳ್ಳಿ. ನಸುಕಿನಲ್ಲಿ ಎದ್ದು ನೂಡಲ್ಸ್ ಹುಡುಕುವ ಹುಚ್ಚು ಬೇಡ. ಬ್ಯಾಂಕಾಕಿಗೆ ಹೋದವರು ಟಿಕೆಟ್ಟನ್ನು ಒಮ್ಮೆ ಬಿಡಿಸಿ ನೋಡಿಕೊಳ್ಳಿ. ಅಲ್ಲಿ ಏರ್‌ಪೋರ್ಟ್ ಎರಡಿವೆ, ಸುವರ್ಣಭೂಮಿ ಒಂದು, ಡಾನ್ ಮುವಾಂಗ್ ಇನ್ನೊಂದು. ಊರಿನ ಎರಡು ದಿಕ್ಕಿಗೆ ಇವೆ. ಎಲ್ಲಿ ಉಣ್ಣಬೇಕು ಅನ್ನೋದೂ ಇದರ ಮೇಲೆಯೇ ನಿಂತಿದೆ.

ಎಲ್ಲಿ ಉಣ್ಣಬೇಕು ಅಂತ ಕೇಳುವ ರೀತಿ

ಇದನ್ನು ಕೊನೆಯ ದಿನ ಹುಡುಕಬೇಡಿ. ಮೊದಲ ದಿನದಿಂದಲೇ ಕಣ್ಣಿಟ್ಟಿರಿ. ಹೋಟೆಲ್ ಕೌಂಟರಿನಲ್ಲಿ “ಒಳ್ಳೆ ರೆಸ್ಟೋರೆಂಟ್ ಯಾವುದು” ಅಂತ ಕೇಳಿದರೆ ನಿಮ್ಮ ಮುಖ ನೋಡಿ ಇಂಡಿಯನ್ ಹೋಟೆಲ್ ದಾರಿ ತೋರಿಸುತ್ತಾರೆ. ಅವರ ತಪ್ಪಲ್ಲ, ನಮ್ಮವರು ಕೇಳುವುದೇ ಅದನ್ನ. ರೂಮ್ ಸ್ವಚ್ಛ ಮಾಡುವ ಹೆಂಗಸನ್ನೋ, ವ್ಯಾನ್ ಡ್ರೈವರನ್ನೋ “ನೀವು ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ” ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ. ಅವರು ಹೇಳುವ ಜಾಗ ಹತ್ತಿರವೇ ಇರುತ್ತದೆ, ಅಗ್ಗ ಇರುತ್ತದೆ, ಮಧ್ಯಾಹ್ನ ಮಂದಿ ತುಂಬಿರುತ್ತಾರೆ. ಒಂದು ದಿನ ಆ ದಾರಿಯಲ್ಲಿ ಹಾಯುವಾಗ ನಿಂತು ನೋಡಿ. ಆಫೀಸಿನವರು, ಯೂನಿಫಾರ್ಮ್ ಹಾಕಿದ ಮಕ್ಕಳು, ಮುದುಕಿಯರು ಸಾಲಿನಲ್ಲಿ ನಿಂತಿದ್ದರೆ ಅದೇ ಜಾಗ.

ಸಸ್ಯಾಹಾರಿಗಳು ಇದನ್ನು ಬಿಡದೆ ಓದಿ

ನಮ್ಮ ಕಡೆ ಸಸ್ಯಾಹಾರಿ ಅಂದರೆ ಅರ್ಧ ಮಾತಿಗೇ ಅರ್ಥವಾಗುತ್ತದೆ. ಪೂರ್ವದ ದೇಶಗಳಲ್ಲಿ ಹಾಗಿಲ್ಲ. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಮೀನು, ಸೀಗಡಿ ಎಲ್ಲ ಕಾಣದ ಹಾಗೆ ಒಳಗೆ ಸೇರಿರುತ್ತವೆ.

ಥೈಲ್ಯಾಂಡಿನಲ್ಲಿ ನಾಮ್ ಪ್ಲಾ ಅಂತ ಒಂದು ಇದೆ. ಮೀನು ಮತ್ತು ಉಪ್ಪು ಕೂಡಿಸಿ ಹುದುಗಿಸಿ ತೆಗೆದ ಕಂದು ಬಣ್ಣದ ರಸ. ಅಡುಗೆಗೆ ಉಪ್ಪಿನ ಬದಲು ಅದೇ. ಅಲ್ಲಿನ ಕೆಂಪು, ಹಸಿರು ಕರಿಗಳ ಮಸಾಲೆಯಲ್ಲಿ ಸೀಗಡಿ ಅರೆದು ಮಾಡಿದ ಗಟ್ಟಿ ಮುದ್ದೆ ಸೇರಿರುತ್ತದೆ. ಮಲೇಷ್ಯಾ, ಸಿಂಗಾಪುರದಲ್ಲಿ ಅದೇ ಮುದ್ದೆಗೆ ಬೆಲಾಚಾನ್ ಅನ್ನುತ್ತಾರೆ. ಸಾಂಬಾಲ್ ಚಟ್ನಿಯಲ್ಲಿ ಅದಿಲ್ಲದೆ ಇರುವುದು ಅಪರೂಪ. ನಾಸಿ ಲೆಮಾಕ್ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವೇನೋ ಹೌದು, ಆದರೆ ಪಕ್ಕದಲ್ಲಿ ಹುರಿದ ಸಣ್ಣ ಮೀನು ಇಟ್ಟೇ ಕೊಡುತ್ತಾರೆ. ಸಿಂಗಾಪುರದ ಬೆಳಗಿನ ಟೋಸ್ಟಿಗೆ ಹಚ್ಚುವ ಕಾಯಾ ತೆಂಗಿನದು, ಆದರೆ ಅದರಲ್ಲಿ ಮೊಟ್ಟೆ ಇದೆ. ದುಬೈಯಲ್ಲಿ ರಗಾಗ್ ಅಂತ ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ಮಾಡುವ ರೊಟ್ಟಿ ಸಿಗುತ್ತದೆ. ಅದರ ಮೇಲೆ ಸವರುವ ಮಹ್ಯಾವ ಮೀನಿನದು. ನೇಪಾಳ ಪಕ್ಕದ ಮನೆ, ಏನೂ ಚಿಂತೆ ಇಲ್ಲ ಅಂದುಕೊಂಡು ಕಾಠ್ಮಂಡುವಿನಲ್ಲಿ ಬರೀ ಮೋಮೋ ಅಂತ ಕೇಳಿದರೆ ಎಮ್ಮೆ ಮಾಂಸದ್ದು ಬರಬಹುದು. ಅಲ್ಲಿ ಅದಕ್ಕೆ ‘ಬಫ್’ ಅನ್ನುತ್ತಾರೆ. ‘ವೆಜ್’ ಅಂತ ಬಿಡಿಸಿ ಹೇಳಬೇಕು.

ಇಷ್ಟು ಓದಿ ಗಾಬರಿಯಾಗಬೇಡಿ. ದಾರಿ ಇದೆ. ಥೈಲ್ಯಾಂಡಿನ ಬೌದ್ಧರಲ್ಲಿ ‘ಜೇ’ ಅನ್ನುವ ಊಟದ ಪದ್ಧತಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಇಲ್ಲ. ಪ್ರವಾಸದ ನಡುವೆ ಶ್ರಾವಣ ಸೋಮವಾರ ಬಂದರೂ ಚಿಂತೆಯಿಲ್ಲ. ಗುರುತು ಸುಲಭ. ಹಳದಿ ಬಾವುಟ ಅಥವಾ ಬೋರ್ಡಿನ ಮೇಲೆ ಕೆಂಪು ಅಕ್ಷರ. ಆ ಅಕ್ಷರ ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಅಂಗಡಿಯವರಿಗೆ “ಕಿನ್ ಜೇ” ಅಂದರೆ ಸಾಕು, ನೀವು ಜೇ ಉಣ್ಣುವವರು ಅಂತ ತಿಳಿಯುತ್ತಾರೆ. ಸಿಂಗಾಪುರದಲ್ಲೂ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಇವೆ. ಬೆಳಗಿನ ಹೊತ್ತು ಅಕ್ಕಿ ಶಾವಿಗೆಯ ವೆಜಿಟೇರಿಯನ್ ಬೀ ಹೂನ್ ಕೊಡುತ್ತಾರೆ. ಅದು ಅಲ್ಲಿನವರೇ ದಿನಾ ತಿನ್ನುವ ನಾಷ್ಟಾ, ಪ್ರವಾಸಿಗಳಿಗೆ ಮಾಡಿದ್ದಲ್ಲ.

ಜೇ ಅಲ್ಲದ ಗಾಡಿಯಲ್ಲಿ ತಿನ್ನುವುದಾದರೆ ಎರಡು ಮಾತು ಕಲಿತುಕೊಳ್ಳಿ. “ಮೈ ಸೈ ನಾಮ್ ಪ್ಲಾ” ಅಂದರೆ ಮೀನಿನ ರಸ ಹಾಕಬೇಡಿ. “ಮೈ ಸೈ ಕುಂಗ್” ಅಂದರೆ ಸೀಗಡಿ ಹಾಕಬೇಡಿ. ಉಚ್ಚಾರ ಕೆಟ್ಟರೆ ನಾಚಿಕೆ ಬೇಡ. ಹೋಟೆಲಿನವರ ಕಡೆಯಿಂದ ಒಂದು ಚೀಟಿಯಲ್ಲಿ ಥಾಯ್ ಅಕ್ಷರದಲ್ಲೇ ಬರೆಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿಯ ಗದ್ದಲದಲ್ಲಿ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಗಾಡಿಯ ಮುಂದೆ ನಿಂತಾಗ

ಬ್ಯಾಂಕಾಕಿನ ಸೋಮ್ ತಾಮ್ ಗಾಡಿ ಹತ್ತಿರದಿಂದ ನೋಡುವಂಥದ್ದು. ಹಸಿ ಪರಂಗಿಯನ್ನು ಎಳೆ ಎಳೆಯಾಗಿ ಹೆರೆದು ಗುಡ್ಡೆ ಹಾಕಿರುತ್ತಾರೆ. ಮುಂದೆ ಎತ್ತರದ ಮಣ್ಣಿನ ಒರಳು, ಕಟ್ಟಿಗೆಯ ಒನಕೆ. ನೀವು ಹೇಳಿದ ಮೇಲೆಯೇ ಕುಟ್ಟುವುದು ಶುರು. ಮೊದಲು ಬಳ್ಳೊಳ್ಳಿ, ಮೆಣಸಿನಕಾಯಿ. ಆಮೇಲೆ ತಾಳೆ ಬೆಲ್ಲ, ನಿಂಬೆಹಣ್ಣಿನ ರಸ, ಉದ್ದ ಅಲಸಂದಿ ಕಾಯಿ, ಟೊಮ್ಯಾಟೊ. ಕೊನೆಗೆ ಪರಂಗಿ ಮತ್ತು ಹುರಿದ ಶೇಂಗಾ. ಒಂದು ಕೈ ಕುಟ್ಟುತ್ತದೆ, ಇನ್ನೊಂದು ಕೈ ಚಮಚದಿಂದ ಕೆಳಗಿನದನ್ನು ಮೇಲಕ್ಕೆ ಮಗುಚುತ್ತದೆ. ಟಕ್ ಟಕ್ ಸದ್ದು ನಿಲ್ಲುವುದೇ ಇಲ್ಲ.

ನಮ್ಮ ಜೊತೆ ಬಂದಿದ್ದ ಕಾಕಿ ಒರಳಿನ ಮೇಲಿನ ಕಣ್ಣು ತೆಗೆಯಲಿಲ್ಲ.

“ತಮ್ಮಾ, ಆಕಿಗಿ ಮೀನಿನ ನೀರು ಹಾಕಬ್ಯಾಡ ಅಂತ ಹೇಳಿಯೇನು?”

“ಹೇಳೀನ್ರಿ ಕಾಕಿ. ಆ ಕರೀ ಬಾಟ್ಲಿಗಿ ಕೈ ಹಾಕಿದ್ರ ಬ್ಯಾಡ ಅನ್ರಿ.”

“ಒರಳಾ ತೊಳಸು ಮೊದಲ. ಮುಂದಿನವರಿಗಿ ಏನು ಕುಟ್ಯಾಳೋ ಏನೋ.”

ಕಾಕಿ ಹೇಳಿದ್ದು ಖರೆ. ಅದೇ ಒರಳಿನಲ್ಲಿ ಮುಂಚೆ ಸೀಗಡಿ ಕುಟ್ಟಿರುತ್ತಾರೆ. ಕಟ್ಟುನಿಟ್ಟಿನವರು ಜೇ ಅಂಗಡಿಗೇ ಹೋಗಬೇಕು. ಕೈ ಸನ್ನೆ ಮಾಡಿ ತೊಳೆಯಲು ಹೇಳಿದರೆ ಕೆಲವರು ನಗುತ್ತಲೇ ತೊಳೆದು ಕೊಡುತ್ತಾರೆ, ಕೆಲವರಿಗೆ ಪುರುಸೊತ್ತು ಇರುವುದಿಲ್ಲ. ಕೇಳುವಾಗ ‘ಸೋಮ್ ತಾಮ್ ಥಾಯ್’ ಅಂತಲೇ ಕೇಳಿ. ಶೇಂಗಾ ಹಾಕುವುದು ಅದಕ್ಕೆ. ‘ಪ್ಲಾ ರಾ’ ಅನ್ನುವ ಮಾತು ಸೇರಿದರೆ ಅದು ಹುದುಗಿಸಿದ ಮೀನಿನದು, ವಾಸನೆಯೇ ನಿಮ್ಮನ್ನು ದೂರ ಕಳಿಸುತ್ತದೆ. ಮಾಂಸ ತಿನ್ನುವವರು ಕೂಡ ಮೊದಲ ಸಲಕ್ಕೆ ಅದನ್ನು ಬಿಡುವುದೇ ಒಳ್ಳೆಯದು.

ಖಾರದ ಬಗ್ಗೆ ನಮ್ಮವರಿಗೆ ಒಂದು ಜಂಬ ಇದೆ. ಇಟ್ಟುಕೊಳ್ಳಿ, ಆದರೆ ಅಲ್ಲಿ ತೋರಿಸಬೇಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅವರ ಸಣ್ಣ ಮೆಣಸಿನಕಾಯಿ ಅದಕ್ಕಿಂತ ಎಷ್ಟೋ ಪಟ್ಟು ಖಾರ. “ಫೆಟ್ ನಿಟ್ ನೋಯ್” ಅಂದರೆ ಸ್ವಲ್ಪ ಖಾರ. ಮುಂದೆ ವಿಮಾನ ಇದೆ ಅನ್ನೋದು ನೆನಪಿರಲಿ. ಇದರ ಜೊತೆ ಸಣ್ಣ ಬಿದಿರಿನ ಬುಟ್ಟಿಯಲ್ಲಿ ಅಂಟು ಅನ್ನ ಕೊಡುತ್ತಾರೆ. ಕೈಯಿಂದಲೇ ಉಂಡಿ ಕಟ್ಟಿ, ಅದ್ದಿ ತಿನ್ನಬೇಕು. ಚಮಚದ ಕಾಟ ಇಲ್ಲದ್ದಕ್ಕೆ ನಮ್ಮ ಮಂದಿಗೆ ಜೀವ ಬಂದಂತಾಗುತ್ತದೆ.

ಯಾವ ದೇಶದ ಗಾಡಿಯಾದರೂ ನೋಡಬೇಕಾದದ್ದು ಒಂದೇ. ನಿಮ್ಮ ಕಣ್ಣ ಮುಂದೆ ಬೆಂಕಿಯಿಂದ ಇಳಿದದ್ದು ತಿನ್ನಿ. ಮೊದಲೇ ಮಾಡಿ ತಟ್ಟೆಯಲ್ಲಿ ಇಟ್ಟದ್ದು ಎಷ್ಟು ಚೆಂದ ಕಂಡರೂ ಬಿಡಿ. ಸೋಮ್ ತಾಮ್ ಹಸಿಯದು, ಬೆಂಕಿ ಕಾಣದ್ದು. ಆದ್ದರಿಂದ ವ್ಯಾಪಾರ ಜೋರಾಗಿರುವ, ಕಾಯಿ ಆಗಿಂದಾಗ ಹೆರೆಯುವ ಗಾಡಿಯಲ್ಲೇ ತಿನ್ನಿ. ಹೊಟ್ಟೆ ಸೂಕ್ಷ್ಮ ಇದ್ದವರು ರುಚಿಗೆ ಎರಡು ತುತ್ತು ತಿಂದು ಮುಂದೆ ಹೋಗಿ. ಹಣ್ಣು ನಿಮ್ಮೆದುರೇ ಸಿಪ್ಪೆ ತೆಗೆಸಿ. ಬ್ಯಾಂಕಾಕಿನಲ್ಲಿ ನಡುವೆ ತೂತು ಇರುವ ದುಂಡು ಐಸ್ ಕಾರ್ಖಾನೆಯಲ್ಲಿ ಶುದ್ಧ ನೀರಿನಿಂದ ಮಾಡಿದ್ದು, ಅದಕ್ಕೆ ಅಷ್ಟು ಹೆದರಬೇಕಿಲ್ಲ. ದೊಡ್ಡ ಗಡ್ಡೆಯಿಂದ ಒಡೆದು ಪುಡಿ ಮಾಡಿದ ಐಸ್ ಬೇಡ.

ಮನೆ ಮಂದಿಯೆಲ್ಲ ಇದ್ದರೆ

ಮುತ್ಯಾ, ಆಯಿ, ಮಕ್ಕಳು ಜೊತೆಗಿದ್ದರೆ ಫುಟ್‌ಪಾತಿನ ಪುಟ್ಟ ಸ್ಟೂಲಿನ ಮೇಲೆ ಕೂರಿಸುವುದು ಆಗದ ಮಾತು. ಮೊಣಕಾಲು ಕೇಳುವುದಿಲ್ಲ. ಮಾಲ್‌ಗಳ ಫುಡ್ ಕೋರ್ಟ್ ನೋಡಿ. ಬ್ಯಾಂಕಾಕಿನ ಅಸೋಕ್ ಸ್ಟೇಷನ್ ಹತ್ತಿರ ಟರ್ಮಿನಲ್ 21 ಅನ್ನುವ ಮಾಲ್‌ನಲ್ಲಿ ಪಿಯರ್ 21 ಅಂತ ಇದೆ. ಮಾಲ್ ದುಬಾರಿ, ಆದರೆ ಊಟ ಗಾಡಿಯ ರೇಟಿನ ಆಸುಪಾಸಿನಲ್ಲೇ ಸಿಗುತ್ತದೆ. ಕೌಂಟರಿನಲ್ಲಿ ದುಡ್ಡು ಕೊಟ್ಟು ಕಾರ್ಡ್ ತೆಗೆದುಕೊಳ್ಳಬೇಕು. ಉಳಿದದ್ದನ್ನು ಹೊರಡುವ ಮೊದಲು ವಾಪಸ್ ಪಡೆಯಬೇಕು. ಫ್ಯಾನು, ಕುರ್ಚಿ, ಬಚ್ಚಲು ಎಲ್ಲ ಇದೆ. ಒಬ್ಬೊಬ್ಬರು ಒಂದೊಂದು ತಂದು ಮೇಜಿನ ನಡುವೆ ಇಟ್ಟು ಹಂಚಿಕೊಂಡರೆ ಎಲ್ಲರಿಗೂ ಎಲ್ಲದರ ರುಚಿ ಸಿಗುತ್ತದೆ.

ಮಕ್ಕಳಿಗೆ ಮಾವಿನಹಣ್ಣು ಮತ್ತು ತೆಂಗಿನ ಹಾಲಿನ ಅಂಟು ಅನ್ನ ಕೊಡಿ. ಮೇಲೆ ಹುರಿದ ಹೆಸರುಬೇಳೆ ಉದುರಿಸುತ್ತಾರೆ. ಸಸ್ಯಾಹಾರಿಗಳಿಗೂ ಅಡ್ಡಿಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಚೆನ್ನಾಗಿರುತ್ತದೆ. ಖನೋಮ್ ಕ್ರೋಕ್ ಕೂಡ ಹಿಡಿಸುತ್ತದೆ. ನಮ್ಮ ಪಡ್ಡಿನ ಹಂಚಿನಂಥದೇ ಗುಳಿಗಳ ಹಂಚು, ಒಳಗೆ ಅಕ್ಕಿ ಹಿಟ್ಟು, ತೆಂಗಿನ ಹಾಲು. ಬಿಸಿ ಇದ್ದಾಗ ಬಾಯಿಗೆ ಹಾಕಿದರೆ ನಾಲಿಗೆ ಸುಟ್ಟೇ ಸುಡುತ್ತದೆ, ತಾಳ್ಮೆ ಇರಲಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇವೆರಡೂ ಒಂದು ಚಮಚಕ್ಕೆ ನಿಲ್ಲಬೇಕು. ಶೇಂಗಾ ಅಲರ್ಜಿ ಇದ್ದವರು ಥಾಯ್ ಊಟದಲ್ಲಿ ಬಹಳ ಹುಷಾರಾಗಿರಬೇಕು, ಪಾಡ್ ಥಾಯ್ ಅನ್ನುವ ಹುರಿದ ಅಕ್ಕಿ ನೂಡಲ್ಸ್ ಮೇಲೂ ಅದನ್ನೇ ಉದುರಿಸುತ್ತಾರೆ. ಗರ್ಭಿಣಿಯರು ಹಸಿಯದನ್ನು ಪೂರ್ತಿ ಬಿಡಿ.

ಕಾಠ್ಮಂಡು, ಸಿಂಗಾಪುರ, ಅರಬ್ ದೇಶಗಳು

ಪಶುಪತಿನಾಥ, ಮುಕ್ತಿನಾಥ, ಲುಂಬಿನಿ ಅಂತ ನೇಪಾಳಕ್ಕೆ ಹೋಗುವವರು ನಮ್ಮ ಕಡೆ ಬಹಳ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಮೂಲದವರು ಅಂತ ಹೆಮ್ಮೆಯಿಂದ ಹೇಳಿಕೊಂಡು ಬರುತ್ತೇವೆ, ಆದರೆ ಕಾಠ್ಮಂಡು ಕಣಿವೆಯ ಮೂಲ ಜನರಾದ ನೇವಾರರ ಅಡುಗೆ ಮುಟ್ಟದೆ ಬರುತ್ತೇವೆ. ಕೊನೆಯ ದಿನ ಭಕ್ತಪುರಕ್ಕೆ ಹೋಗಿ. ಕಾಠ್ಮಂಡುವಿನಿಂದ ಸುಮಾರು 13 ಕಿಲೋಮೀಟರ್. ಮಣ್ಣಿನ ಬಟ್ಟಲಿನಲ್ಲಿ ಹೆಪ್ಪು ಹಾಕಿದ ಜುಜು ಧೌ ಅನ್ನುವ ಗಟ್ಟಿ ಸಿಹಿ ಮೊಸರು ಅಲ್ಲಿನ ಹೆಸರುವಾಸಿ ತಿನಿಸು. ಉದ್ದಿನ ಬೇಳೆ ರುಬ್ಬಿ ಹಂಚಿನ ಮೇಲೆ ತಟ್ಟುವ ಬಾರಾ, ಅಕ್ಕಿ ಹಿಟ್ಟಿನ ಚತಾಮರಿ, ಬೆಲ್ಲ ಎಳ್ಳು ತುಂಬಿದ ಯೋಮರಿ ಸಿಕ್ಕರೆ ಬಿಡಬೇಡಿ. ಬಾರಾ, ಚತಾಮರಿ ಮೇಲೆ ಮೊಟ್ಟೆ ಅಥವಾ ಖೀಮಾ ಹಾಕುವ ರೂಢಿ ಇದೆ. ಸಾದಾ ಅಂತ ಹೇಳಿ. ಹಿಂದಿ ನಡೆಯುತ್ತದೆ.

ಸಿಂಗಾಪುರದಲ್ಲಿ ಹಾಕರ್ ಸೆಂಟರ್‌ಗೆ ಹೋಗಿ. ಬೀದಿ ಗಾಡಿಗಳನ್ನೆಲ್ಲ ಒಂದು ಸೂರಿನಡಿ ತಂದ ಜಾಗ ಅದು. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಯಾರೋ ಮರೆತು ಹೋದದ್ದು ಅಂದುಕೊಂಡು ಕೂತುಬಿಡಬೇಡಿ. ಆ ಜಾಗ ಹಿಡಿದಾಗಿದೆ ಅಂತ ಅರ್ಥ, ನಮ್ಮ ಬಸ್ಸಿನ ಸೀಟಿನ ಟವೆಲ್ ಲೆಕ್ಕವೇ. ಉಂಡ ಮೇಲೆ ತಟ್ಟೆಯನ್ನು ನೀವೇ ಒಯ್ದು ಇಡಬೇಕು. 2021ರಿಂದ ಇದು ಕಡ್ಡಾಯ, ಮತ್ತೆ ಮತ್ತೆ ಬಿಟ್ಟು ಹೋದರೆ ದಂಡ ಬೀಳುತ್ತದೆ.

ಉಮ್ರಾಕ್ಕೆ ಹೋಗುವ ನಮ್ಮ ಜನರಲ್ಲಿ ಬಹಳ ಗುಂಪಿನವರಿಗೆ ಊಟ ಗುಂಪಿನ ಅಡುಗೆಯವರದೇ. ಜಿದ್ದಾ, ಮದೀನಾದಲ್ಲಿ ಕೊನೆಯ ಬೆಳಗ್ಗೆ ಒಮ್ಮೆ ಫೂಲ್ ಮತ್ತು ತಮೀಜ್ ತಿಂದು ನೋಡಿ. ಬೇಯಿಸಿ ಮಸೆದ ಅವರೆ ಜಾತಿಯ ಕಾಳು, ಮೇಲೆ ಎಣ್ಣೆ, ಜೀರಿಗೆ. ಜೊತೆಗೆ ತಂದೂರಿನಿಂದ ಆಗ ತಾನೇ ತೆಗೆದ, ತಟ್ಟೆಗಿಂತ ದೊಡ್ಡ ರೊಟ್ಟಿ. ಒಂದು ರೊಟ್ಟಿ ಇಬ್ಬರಿಗೆ ಆಗುತ್ತದೆ. ದುಡಿಯಲು ಹೋಗಿ ರಜೆಗೆ ಬರುವವರಿಗೆ ಇದನ್ನೆಲ್ಲ ನಾನು ಹೇಳಬೇಕಿಲ್ಲ, ಅವರೇ ನಮಗೆ ಹೇಳಿಕೊಡುತ್ತಾರೆ.

ಉಳಿದ ದುಡ್ಡು

ಕೊನೆಯ ದಿನದ ಊಟಕ್ಕೆ ನೋಟು, ನಾಣ್ಯ ಬೇರೆ ತೆಗೆದಿಡಿ. ನಾಣ್ಯಗಳನ್ನು ಮನಿ ಚೇಂಜರ್‌ನವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅವನ್ನು ಅಲ್ಲೇ ಮುಗಿಸಬೇಕು. ಸಣ್ಣ ಗಾಡಿಗಳಲ್ಲಿ ಕಾರ್ಡ್ ನಡೆಯುವುದು ಕಡಿಮೆ. ನೇಪಾಳ, ಸಿಂಗಾಪುರದ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಆದರೆ ಆ್ಯಪಿನಲ್ಲಿ ವಿದೇಶಿ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. ಏರ್‌ಪೋರ್ಟಿಗೆ ಹೋಗುವ ರೈಲಿನ ದುಡ್ಡು ತಿಂದು ಮುಗಿಸಬೇಡಿ. ಸುವರ್ಣಭೂಮಿಗೆ ಫಯಾ ಥೈ ಸ್ಟೇಷನ್ನಿನಿಂದ ಸುಮಾರು ಅರ್ಧ ಗಂಟೆಯ ರೈಲು ಇದೆ. ಊರಲ್ಲಿ ಉಣ್ಣಲು ಹೊತ್ತೇ ಸಿಗದಿದ್ದರೆ ಆ ಏರ್‌ಪೋರ್ಟಿನ ನೆಲಮಹಡಿಯಲ್ಲಿ (ಅಲ್ಲಿ ಅದನ್ನೇ 1ನೇ ಮಹಡಿ ಅನ್ನುತ್ತಾರೆ) ಕೂಪನ್ ತೆಗೆದುಕೊಂಡು ಉಣ್ಣುವ ಜಾಗ ಇದೆ. ಅಲ್ಲಿ ಕೆಲಸ ಮಾಡುವವರೂ ಅಲ್ಲೇ ಉಣ್ಣುತ್ತಾರೆ. ಮೇಲಿನ ಮಹಡಿಗಳ ರೇಟಿಗೆ ಹೋಲಿಸಿದರೆ ಬಹಳ ಅಗ್ಗ. ಚೆಕ್ ಇನ್ ಮಾಡಿ ಒಳಗೆ ಹೋಗುವ ಮೊದಲೇ ಮುಗಿಸಿ.

ಮನೆಗೆ ಕಟ್ಟಿಕೊಳ್ಳುವುದು

ರುಚಿ ಹಿಡಿಸಿತು ಅಂತ ಸಾಸ್, ಚಟ್ನಿ, ಮುದ್ದೆ ಮಸಾಲೆ ಕೊಂಡರೆ ದೊಡ್ಡ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಬಾಟಲಿ ಸೆಕ್ಯುರಿಟಿಯಲ್ಲೇ ಉಳಿಯುತ್ತದೆ. ಜುಜು ಧೌ ಕೂಡ ಈ ಲೆಕ್ಕಕ್ಕೇ ಬರುತ್ತದೆ, ಅದನ್ನು ಅಲ್ಲೇ ತಿಂದು ಬನ್ನಿ. ಕಂಪನಿ ಸೀಲ್ ಇರುವ ಒಣ ಪೊಟ್ಟಣಗಳಿಗೆ ತೊಂದರೆ ಕಡಿಮೆ. ತಾಜಾ ಹಣ್ಣು, ಬೀಜ, ಸಸಿ, ಮಾಂಸ, ಮೀನು, ಹಾಲಿನ ಪದಾರ್ಥ ತಂದರೆ ಇಲ್ಲಿನ ಕಸ್ಟಮ್ಸ್‌ನವರಿಗೆ ಹೇಳಬೇಕು. “ಹೊಲದಾಗ ಹಚ್ಚೋಣ” ಅಂತ ಬೀಜ ಕಿಸೆಗೆ ಹಾಕಿಕೊಂಡು ಬರುವ ಅಭ್ಯಾಸ ನಮ್ಮ ರೈತರಿಗೆ ಇದೆ. ಬೇಡ. ಬೀಜದ ಜೊತೆ ಬರುವ ರೋಗ ತೊಗರಿ ಹೊಲಕ್ಕೆ ದುಬಾರಿಯಾಗುತ್ತದೆ. ದುರಿಯನ್ ಹಣ್ಣಂತೂ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲಿನ ಬಹಳಷ್ಟು ಹೋಟೆಲ್‌ಗಳಲ್ಲೂ ಬಿಡುವುದಿಲ್ಲ. ತಿನ್ನುವ ಆಸೆ ಇದ್ದರೆ ಮಾರ್ಕೆಟ್ಟಿನಲ್ಲೇ ನಿಂತು ತಿಂದು, ಕೈ ಚೆನ್ನಾಗಿ ತೊಳೆದುಕೊಳ್ಳಿ.

ಊರು ಮುಟ್ಟಿದ ಮೇಲೆ

ಕೈಚೀಲದಲ್ಲಿ ಎರಡು ಮೂರು ಓಆರ್‌ಎಸ್ ಪೊಟ್ಟಣ ಇರಲಿ. ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಸಣ್ಣದಾದರೆ ಅದರ ಮೇಲೆ ಬರೆದಷ್ಟು. ಭೇದಿ ಶುರುವಾದರೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಬಸ್ಸಿನಲ್ಲಿ ತೊಂದರೆ ಆಗಬಾರದು ಅಂತ ಭೇದಿ ನಿಲ್ಲಿಸುವ ಮಾತ್ರೆ ನುಂಗುವವರು ಇದ್ದಾರೆ. ಜ್ವರ ಇದ್ದರೆ, ರಕ್ತ ಬಿದ್ದರೆ ಆ ಮಾತ್ರೆ ತೆಗೆದುಕೊಳ್ಳಬಾರದು. ಚಿಕ್ಕ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಲೇಬಾರದು. ಮೊದಲ ದಿನ ಮಜ್ಜಿಗೆ, ಮೆತ್ತನೆಯ ಅನ್ನ, ತಿಳಿ ಬ್ಯಾಳಿ ಸಾಕು. ಬೀಗರು ಬಂದು ಮಿರ್ಚಿ ಭಜಿ ತಂದಿಟ್ಟರೂ ನಾಳೆ ತಿನ್ನುತ್ತೇನೆ ಅನ್ನಿ.

ಜ್ವರ ಬಂದರೆ, ರಕ್ತ ಬಿದ್ದರೆ, ಅಥವಾ ಮೂರು ದಿನವಾದರೂ ಭೇದಿ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಯಾವ ದೇಶಕ್ಕೆ ಹೋಗಿದ್ದಿರಿ, ಎಂದು ವಾಪಸ್ ಬಂದಿರಿ, ಕೊನೆಯ ದಿನ ಏನು ತಿಂದಿರಿ ಅನ್ನೋದನ್ನು ಅವರು ಕೇಳುವ ಮೊದಲೇ ಹೇಳಿ.